ಕಡಲು ಪಾಲಾದವನ ಹೆಸರು ಕೇಳುವವರು ಯಾರು?

ಮದೀನದ ಮಸೀದಿಯಲ್ಲಿ ಕಸ ಗುಡಿಸುತ್ತಿದ್ದ ಒಬ್ಬರ ಕುರಿತು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಗ್ರಂಥಗಳಲ್ಲಿ ಒಂದು ವರದಿಯಿದೆ. ಕಪ್ಪು ವರ್ಣದ ಒಬ್ಬ ಮಹಿಳೆಯೋ ಅಥವಾ ಒಬ್ಬ ತರುಣನೋ ಎಂಬುದರಲ್ಲಿ ವರದಿಗಾರರಿಗೇ ಸಂದೇಹವಿದೆ. ಆ ವ್ಯಕ್ತಿ ತೀರಿಕೊಂಡಾಗ ಸಹಾಬಿಗಳು ದಫನಕಾರ್ಯವನ್ನು ಮುಗಿಸಿಬಿಟ್ಟರು. ಇಷ್ಟು ಸಣ್ಣ ಸಂಗತಿಯನ್ನು ಪ್ರವಾದಿವರ್ಯರ(ಸ) ಗಮನಕ್ಕೆ ತರಬೇಕೆಂದು ಅವರಿಗೆ ತೋಚಲಿಲ್ಲ. ಆದರೆ ಪ್ರವಾದಿ(ಸ) ತಾವಾಗಿಯೇ ವಿಚಾರಿಸಿದರು. ವಿಷಯ ತಿಳಿದಾಗ, ನನಗೇಕೆ ತಿಳಿಸಲಿಲ್ಲವೆಂದು ಕೇಳಿ, ಗೋರಿ ಎಲ್ಲಿದೆಯೆಂದು ತೋರಿಸಲು ಹೇಳಿ, ಅಲ್ಲಿಗೆ ಹೋಗಿ ನಮಾಝ್ ನಿರ್ವಹಿಸಿದರು.

ಮಸೀದಿಯನ್ನು ಶುಚಿಯಾಗಿಡುವುದರ ಮಹತ್ವವನ್ನು ಹೇಳಲು ನಾವು ಈ ಹದೀಸನ್ನು ಬಳಸುತ್ತೇವೆ. ಮದ್ರಸಾಗಳಲ್ಲಿ ಮಕ್ಕಳಿಗೆ ಹೇಳಿಕೊಡುವುದೂ ಹಾಗೆಯೇ. ತಪ್ಪೇನಿಲ್ಲ. ಆದರೆ ಈ ಘಟನೆಯ ನಡುವೆ ಒಂದು ಪ್ರಶ್ನೆ ನಿಂತಿದೆ: ದಿನವೂ ಇಲ್ಲಿ ದುಡಿಯುತ್ತಿದ್ದವರು ಇಂದು ಕಾಣುತ್ತಿಲ್ಲವಲ್ಲ, ಎಲ್ಲಿ ಹೋದರು? ಸಮುದಾಯವೊಂದರ ನಾಯಕರು ಕೇಳಿದ ಈ ಪ್ರಶ್ನೆಯಿಂದಾಗಿ, ಯಾರ ಲೆಕ್ಕಕ್ಕೂ ಬಾರದ ಒಂದು ಜೀವವು ಹದಿನಾಲ್ಕು ಶತಮಾನಗಳ ನಂತರವೂ ನಮ್ಮ ನೆನಪಿನಲ್ಲಿ ಉಳಿದಿದೆ.

ಆ ವ್ಯಕ್ತಿಗೆ ಗೋರಿಯಾದರೂ ಇತ್ತು. ಗೋರಿಯೂ ಇಲ್ಲದ ಸಾವಿರಾರು ದುಡಿಮೆಗಾರರ ಕುರಿತು, ಅವರಲ್ಲಿಯೂ ಮೀಸೆ ಚಿಗುರುವ ವಯಸ್ಸಿನಲ್ಲಿಯೇ ಕಡಲು ಪಾಲಾದ ಹುಡುಗರ ಕುರಿತು ನಾವು ಎಂದಾದರೂ ಕೇಳಿದ್ದೇವೆಯೇ?

1940ರ ಸೆಪ್ಟೆಂಬರ್ 13ರಂದು ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿನಿಂದ 'ಸಿಟಿ ಆಫ್ ಬನಾರಸ್' ಎಂಬ ಹಡಗು ಕೆನಡಾದ ಕಡೆಗೆ ಹೊರಟಿತು. ಹೆಸರೇ ಹೇಳುವಂತೆ ಅದು ಭಾರತದ ಮಾರ್ಗಕ್ಕಾಗಿ ಕಟ್ಟಿಸಿದ ಹಡಗು. ಲಂಡನ್ ಮೊದಲಾದ ನಗರಗಳ ಮೇಲೆ ಜರ್ಮನಿಯ ವಿಮಾನಗಳು ಬಾಂಬು ಸುರಿಸುತ್ತಿದ್ದ ದಿನಗಳವು. ಮಕ್ಕಳನ್ನು ಸುರಕ್ಷಿತ ಸ್ಥಳಕ್ಕೆ ಸಾಗಿಸುವ ಸರಕಾರಿ ಯೋಜನೆಯ ಅಡಿಯಲ್ಲಿ 90 ಮಕ್ಕಳು ಆ ಹಡಗಿನಲ್ಲಿದ್ದರು. ಸೆಪ್ಟೆಂಬರ್ 17ರ ರಾತ್ರಿ ಸುಮಾರು ಹತ್ತು ಗಂಟೆಗೆ, ಬಿರುಗಾಳಿಯ ನಡುವೆ, ಯು-48 ಎಂಬ ಜರ್ಮನ್ ಜಲಾಂತರ್ಗಾಮಿಯ ಟಾರ್ಪೆಡೊ ಬಡಿಯಿತು. ಅರ್ಧ ತಾಸಿನಲ್ಲಿ ಹಡಗು ಅಟ್ಲಾಂಟಿಕ್ ಸಾಗರದಲ್ಲಿ ಮುಳುಗಿತು. 90 ಮಕ್ಕಳಲ್ಲಿ 77 ಮಕ್ಕಳು ಸತ್ತರು. ಜಗತ್ತು ಮರುಗಿತು, ಬ್ರಿಟಿಷ್ ಸರಕಾರ ಆ ಯೋಜನೆಯನ್ನೇ ನಿಲ್ಲಿಸಿತು. ಆ ಮಕ್ಕಳ ಕುರಿತು ಪುಸ್ತಕಗಳು ಬಂದಿವೆ, ಸ್ಮರಣೆಯ ಸಭೆಗಳು ನಡೆದಿವೆ. ನಡೆಯಲೇಬೇಕು. ಮಗುವಿನ ಸಾವಿಗೆ ಮರುಗದ ಹೃದಯದಲ್ಲಿ ಈಮಾನ್ ನೆಲೆಸುವುದಾದರೂ ಹೇಗೆ?

ಅದೇ ಹಡಗಿನಲ್ಲಿ 160ಕ್ಕೂ ಹೆಚ್ಚು ಭಾರತೀಯ ಖಲಾಸಿಗಳಿದ್ದರು. ಹಡಗನ್ನು ನಡೆಸುತ್ತಿದ್ದವರು, ಅಡುಗೆ ಬೇಯಿಸುತ್ತಿದ್ದವರು, ಆ ಮಕ್ಕಳಿಗೆ ಊಟ ಬಡಿಸುತ್ತಿದ್ದವರು ಅವರೇ. ಅವರಲ್ಲಿ ನೂರಕ್ಕೂ ಹೆಚ್ಚು ಮಂದಿ ಆ ರಾತ್ರಿ ಮತ್ತು ಮರುದಿನಗಳಲ್ಲಿ ಸತ್ತರು. ಉಷ್ಣ ದೇಶದಿಂದ ಬಂದವರು, ತೆಳ್ಳನೆಯ ಹತ್ತಿಯ ಬಟ್ಟೆಯಲ್ಲಿದ್ದವರು. ಉತ್ತರ ಅಟ್ಲಾಂಟಿಕದ ಆ ಚಳಿಯಲ್ಲಿ ನೀರು ತುಂಬಿದ ದೋಣಿಯೊಳಗೆ ಕುಳಿತಲ್ಲಿಯೇ ಎಷ್ಟೋ ಜನ ಕೊನೆಯುಸಿರೆಳೆದರು. ಹನ್ನೆರಡನೇ ಸಂಖ್ಯೆಯ ದೋಣಿಯೊಂದು ಎಲ್ಲರ ಕಣ್ಣು ತಪ್ಪಿ ಎಂಟು ದಿನ ಅಲೆಯಿತು. ಅದರಲ್ಲಿದ್ದ 46 ಮಂದಿಯಲ್ಲಿ ಆರು ಹುಡುಗರು, ಅವರನ್ನು ನೋಡಿಕೊಳ್ಳುತ್ತಿದ್ದ ಒಬ್ಬ ಮಹಿಳೆ, ಒಬ್ಬ ಪಾದ್ರಿ ಇದ್ದರು. ಉಳಿದವರಲ್ಲಿ ಹೆಚ್ಚಿನವರು ನಮ್ಮ ಖಲಾಸಿಗಳು. ಕೊನೆಗೆ ವಿಮಾನವೊಂದು ಅವರನ್ನು ಗುರುತಿಸಿತು. ಆ ಆರು ಹುಡುಗರ ಹೆಸರು, ಊರು, ಮುಂದಿನ ಬದುಕು ಎಲ್ಲವೂ ಇಂದು ಓದಲು ಸಿಗುತ್ತದೆ. ಅದೇ ಹಲಗೆಯ ಮೇಲೆ, ಅದೇ ಅಳತೆಯ ನೀರು ಕುಡಿದು ಎಂಟು ದಿನ ಕಳೆದ ಖಲಾಸಿಗಳು ಹೆಚ್ಚಿನ ಬರಹಗಳಲ್ಲಿ ಒಂದು ಸಂಖ್ಯೆಯಾಗಿ ಮಾತ್ರ ಬರುತ್ತಾರೆ.

ಯಾರು ಇವರು? ಇಂಗ್ಲಿಷರು ಇವರನ್ನು 'ಲಾಸ್ಕರ್' ಎಂದು ಕರೆದರು. ಸೈನ್ಯವೆಂಬ ಅರ್ಥದ ಪಾರ್ಸಿಯ 'ಲಶ್ಕರ್' ಎಂಬ ಪದದಿಂದ ಬಂದ ಹೆಸರದು. ಆದರೆ ಇವರ ಕೈಯಲ್ಲಿ ಕೋವಿ ಇರಲಿಲ್ಲ. ಮುಂಬೈಯಿಂದ ಹೊರಡುವ ಹಡಗುಗಳ ಅಟ್ಟದ ಕೆಲಸಕ್ಕೆ ರತ್ನಾಗಿರಿಯ ಕೊಂಕಣಿ ಮುಸ್ಲಿಮರು, ಕಛ್ ಮತ್ತು ಗುಜರಾತಿನ ಕರಾವಳಿಯವರು. ಬೆಂಕಿಯ ಮುಂದೆ ಕಲ್ಲಿದ್ದಲು ಸುರಿಯುವ ಕೆಲಸಕ್ಕೆ ಪಂಜಾಬಿನವರು, ಮೀರ್‌ಪುರದವರು. ಕಲ್ಕತ್ತಾದಿಂದ ಹೊರಡುವ ಹಡಗುಗಳಲ್ಲಿ ಸಿಲ್ಹೆಟ್, ನೋವಾಖಾಲಿ, ಚಿತ್ತಗಾಂಗಿನ ರೈತರ ಮಕ್ಕಳು. ಊಟದ ಕೋಣೆಯ ಸೇವೆಗೆ ಗೋವಾದ ಕ್ರೈಸ್ತ ಬಾಂಧವರು. ಅವರ ಮುಖ್ಯಸ್ಥ ಸರಂಗ, ಅವನ ಕೈಕೆಳಗೆ ತಂಡೇಲ, ಅಡುಗೆಗೆ ಭಂಡಾರಿ, ಉಗ್ರಾಣಕ್ಕೆ ಕಸಬ, ಬೆಂಕಿಗೆ ಆಗ್‌ವಾಲಾ. ನಮ್ಮ ಕರಾವಳಿಯ ಓದುಗರಿಗೆ ಈ ಪದಗಳಲ್ಲಿ ಕೆಲವಾದರೂ ಅಪರಿಚಿತವಲ್ಲ. ಕಾರವಾರದಲ್ಲಿ ತಾಂಡೇಲನೆಂಬುದು ಮನೆತನದ ಹೆಸರೇ ಆಗಿದೆ. ಮಂಗಳೂರಿನ ಧಕ್ಕೆಯಲ್ಲಿ ಖಲಾಸಿ ಎಂದರೆ ಯಾರೆಂದು ವಿವರಿಸಬೇಕಾಗಿಲ್ಲ. ಒಂದೇ ಕಡಲಿನ ದಡದ ಭಾಷೆಯಿದು.

ಸರಂಗನು ತನ್ನ ಊರಿನಿಂದ, ತನ್ನ ಬಂಧುಬಳಗದಿಂದ ಹುಡುಗರನ್ನು ಕರೆತರುತ್ತಿದ್ದನು. ಹದಿನಾರು ಹದಿನೇಳರ ಹರೆಯದವರೂ ಅವರಲ್ಲಿರುತ್ತಿದ್ದರು. ಯುದ್ಧ ಆರಂಭವಾದಾಗ ಅವರ ಸಂಬಳ ಅದೇ ಹಡಗಿನ ಯುರೋಪಿಯನ್ ನಾವಿಕನ ಸಂಬಳದ ಕಾಲುಭಾಗವೂ ಇರಲಿಲ್ಲ. 1939ರಲ್ಲಿ ಬ್ರಿಟನ್ನಿನ ಬಂದರುಗಳಲ್ಲಿ ಅವರು ಹೆಚ್ಚಿನ ವೇತನಕ್ಕಾಗಿ ಕೆಲಸ ನಿಲ್ಲಿಸಿದಾಗ ಹಲವರನ್ನು ಜೈಲಿಗೆ ಕಳುಹಿಸಲಾಯಿತು. ಟಾರ್ಪೆಡೊ ಬಡಿದಾಗ ಮೊದಲು ನೀರು ನುಗ್ಗುತ್ತಿದ್ದುದು ಇಂಜಿನ್ನಿನ ಕೋಣೆಗೆ. ಅಲ್ಲಿ ಪಾಳಿಯ ಮೇಲಿದ್ದವನಿಗೆ ಮೇಲೆ ಬರುವ ದಾರಿ ಸಿಗುವುದು ಅಪರೂಪ. ಎರಡನೇ ಮಹಾಯುದ್ಧದಲ್ಲಿ ಇಂತಹ ಸುಮಾರು 6,600 ಭಾರತೀಯ ನಾವಿಕರು ಸತ್ತರೆಂದು ಲೆಕ್ಕ ಹೇಳುತ್ತದೆ. ಮೊದಲನೇ ಮಹಾಯುದ್ಧದಲ್ಲಿ ಸತ್ತವರ ಸಂಖ್ಯೆ 3,400ಕ್ಕೂ ಹೆಚ್ಚು.

ಇನ್ನೊಂದು ಹಡಗಿನ ಕತೆಯನ್ನು ಹೇಳದೆ ಮುಂದೆ ಹೋಗಲಾಗದು. 'ತಿಲಾವಾ' ಎಂಬ ಹಡಗು 1942ರ ನವೆಂಬರ್ 20ರಂದು ಮುಂಬೈಯಿಂದ ಆಫ್ರಿಕಾದ ಕಡೆಗೆ ಹೊರಟಿತು. 732 ಪ್ರಯಾಣಿಕರು, 222 ಸಿಬ್ಬಂದಿ, ನಾಲ್ವರು ಫಿರಂಗಿಯವರು. ನವೆಂಬರ್ 23ರ ನಸುಕಿಗೆ ಮುನ್ನ, ಅರಬಿ ಸಮುದ್ರದಾಚೆ, ಜಪಾನಿನ ಜಲಾಂತರ್ಗಾಮಿಯೊಂದು ಅದನ್ನು ಮುಳುಗಿಸಿತು. 280 ಜೀವಗಳು ಹೋದವು. ಹಡಗಿನ ಹೊಟ್ಟೆಯಲ್ಲಿ 2,364 ಬೆಳ್ಳಿಯ ಗಟ್ಟಿಗಳಿದ್ದವು. ನಾಣ್ಯ ಟಂಕಿಸಲು ದಕ್ಷಿಣ ಆಫ್ರಿಕಾದ ಸರಕಾರ ಖರೀದಿಸಿದ್ದ ಬೆಳ್ಳಿ ಅದು. ಎಪ್ಪತ್ತೈದು ವರ್ಷಗಳ ಬಳಿಕ, 2017ರಲ್ಲಿ, ಒಂದು ಕಂಪೆನಿ ಸುಮಾರು ಎರಡೂವರೆ ಕಿಲೋಮೀಟರ್ ಆಳದಿಂದ ಆ ಬೆಳ್ಳಿಯನ್ನು ಮೇಲೆತ್ತಿತು. ಅದು ಯಾರಿಗೆ ಸೇರಬೇಕೆಂಬ ವ್ಯಾಜ್ಯ ಬ್ರಿಟನ್ನಿನ ಸುಪ್ರೀಂ ಕೋರ್ಟಿನವರೆಗೆ ಹೋಗಿ 2024ರ ಮೇ ತಿಂಗಳಲ್ಲಿ ತೀರ್ಪಾಯಿತು. ಬೆಳ್ಳಿಯ ಒಂದೊಂದು ಗಟ್ಟಿಗೂ ಲೆಕ್ಕವಿತ್ತು, ಒಡೆಯನಿದ್ದನು, ವಕೀಲನಿದ್ದನು. ಜೊತೆಗೆ ಮುಳುಗಿದ ಮನುಷ್ಯರನ್ನು ನೆನೆಯುವ ಸಾರ್ವಜನಿಕ ಸಭೆಯೊಂದು ಮುಂಬೈಯಲ್ಲಿ ನಡೆದುದು ಘಟನೆಯ ಎಂಬತ್ತನೇ ವರ್ಷದಲ್ಲಿ, ಅದೂ ಸತ್ತವರ ಮತ್ತು ಉಳಿದವರ ಕುಟುಂಬಗಳ ಶ್ರಮದಿಂದ.

ಹೆಸರಿನ ವಿಷಯದಲ್ಲಿ ಇಂಗ್ಲೆಂಡಿನ ಬಡವರ ಮಕ್ಕಳೂ ಎಲ್ಲ ಕಾಲದಲ್ಲಿ ಅದೃಷ್ಟವಂತರಾಗಿರಲಿಲ್ಲ. ರೆಜಿನಾಲ್ಡ್ ಅರ್ನ್‌ಶಾ ಎಂಬ ಹದಿನಾಲ್ಕರ ಹುಡುಗ, ತನಗೆ ಹದಿನೈದೆಂದು ಸುಳ್ಳು ಹೇಳಿ ಸರಕು ಹಡಗಿಗೆ ಸೇರಿದ್ದನು. 1941ರ ಜುಲೈ 6ರಂದು ಜರ್ಮನ್ ವಿಮಾನದ ದಾಳಿಯಲ್ಲಿ ಸತ್ತನು. ಆ ಯುದ್ಧದಲ್ಲಿ ಸೇವೆಯಲ್ಲಿದ್ದು ಸತ್ತ ಬ್ರಿಟಿಷರಲ್ಲಿ ತಿಳಿದುಬಂದಿರುವ ಅತಿ ಕಿರಿಯನು ಇವನೇ. ಎಡಿನ್‌ಬರೋದ ಸ್ಮಶಾನದಲ್ಲಿ ಅವನ ಗೋರಿಗೆ ಅರುವತ್ತಕ್ಕೂ ಹೆಚ್ಚು ವರ್ಷ ಒಂದು ಕಲ್ಲೂ ಇರಲಿಲ್ಲ. ಅಂದು ಅವನನ್ನು ಉಳಿಸಲು ಯತ್ನಿಸಿ ಸೋತಿದ್ದ ಸಹನಾವಿಕರೊಬ್ಬರು ಮುದಿವಯಸ್ಸಿನಲ್ಲಿ ಪಟ್ಟುಹಿಡಿದು ಹುಡುಕಿದುದರಿಂದ 2009ರಲ್ಲಿ ಅಲ್ಲಿ ಕಲ್ಲು ನಿಂತಿತು. ಒಬ್ಬನೇ ಒಬ್ಬ ಕೇಳಿದ: ಆ ಹುಡುಗನೆಲ್ಲಿ? ಅಷ್ಟು ಸಾಕಾಯಿತು.

ನಮ್ಮ ಹುಡುಗರ ವಿಷಯದಲ್ಲಿ ಹಾಗೆ ಕೇಳಿದವರು ವಿರಳ. ಲಂಡನ್ನಿನ ಟವರ್ ಹಿಲ್ ಸ್ಮಾರಕದಲ್ಲಿ ಎರಡನೇ ಮಹಾಯುದ್ಧದಲ್ಲಿ ಸಮುದ್ರದಲ್ಲಿ ಸತ್ತ ಸುಮಾರು 24,000 ವ್ಯಾಪಾರಿ ನಾವಿಕರ ಹೆಸರುಗಳನ್ನು ಕಂಚಿನ ಫಲಕಗಳಲ್ಲಿ ಮೂಡಿಸಲಾಗಿದೆ, ಹಡಗು ಹಡಗಾಗಿ. ಭಾರತೀಯ ಕರಾರಿನ ಮೇಲೆ ದುಡಿದ ಖಲಾಸಿಗಳ ಹೆಸರುಗಳಿರುವುದು ಬೇರೆಡೆ: ಮುಂಬೈಯ ಮಸ್ಜಿದ್ ಬಂದರ್‌ನಲ್ಲಿರುವ ನಾವಿಕರ ವಸತಿಗೃಹದಲ್ಲಿ ಮತ್ತು ಚಿತ್ತಗಾಂಗಿನ ಯುದ್ಧ ಸ್ಮಶಾನದಲ್ಲಿ, ಪುಸ್ತಕದ ರೂಪದಲ್ಲಿ. ಸುಮಾರು 6,500 ಹೆಸರುಗಳು. ಒಂದೇ ಹಡಗು, ಒಂದೇ ರಾತ್ರಿ, ಒಂದೇ ನೀರು; ಒಬ್ಬರಿಗೆ ಕಂಚು, ಇನ್ನೊಬ್ಬರಿಗೆ ಕಾಗದ. ಕೋಲ್ಕತಾದಲ್ಲಿ ಹೂಗ್ಲಿ ನದಿಯ ಸಮೀಪ ಮೊದಲನೇ ಮಹಾಯುದ್ಧದ ಲಾಸ್ಕರ್ ಸ್ಮಾರಕವಿದೆ, ಬಂಗಾಳ ಮತ್ತು ಅಸ್ಸಾಮಿನ 896 ನಾವಿಕರಿಗಾಗಿ. ನೋಡಲು ಭವ್ಯವಾಗಿದೆ. ಯುದ್ಧಸಮಾಧಿಗಳ ಆಯೋಗವು 2021ರಲ್ಲಿ ಪ್ರಕಟಿಸಿದ ತನ್ನದೇ ವರದಿಯಲ್ಲಿ, ಮೊದಲನೇ ಮಹಾಯುದ್ಧದಲ್ಲಿ ಸತ್ತ ಏಷ್ಯಾ ಮತ್ತು ಆಫ್ರಿಕಾದ ಲಕ್ಷಕ್ಕೂ ಹೆಚ್ಚು ಮಂದಿಯನ್ನು ಹೆಸರು ಹಿಡಿದು ಸ್ಮರಿಸಿಲ್ಲವೆಂದು ಒಪ್ಪಿಕೊಂಡಿತು, ಕ್ಷಮೆಯನ್ನೂ ಕೇಳಿತು.

ಸಾಮ್ರಾಜ್ಯದ ಪಕ್ಷಪಾತವನ್ನು ಖಂಡಿಸುವುದು ಸುಲಭ. ನಮ್ಮನ್ನು ಕಾಡುವುದು ಬೇರೊಂದು ವಿಷಯ. ಈ ಹುಡುಗರು ನಮ್ಮ ಮದ್ಹಬ್‌ಗಳನ್ನು ಅನುಸರಿಸುತ್ತಿದ್ದವರು, ನಮ್ಮ ಕಲಿಮಾ ಹೇಳುತ್ತಿದ್ದವರು. ಅವರ ಸಾವಿನ ಕುರಿತು ನಮ್ಮ ಕರ್ಮಶಾಸ್ತ್ರಕ್ಕೆ ಹೇಳಲು ಬಹಳಷ್ಟು ಇತ್ತು, ಮತ್ತು ಅದು ಹೇಳಿತು. ಅದನ್ನು ಓದಿದ ನಾವೇ ಈ ಹುಡುಗರ ಮುಖವನ್ನು ಅಲ್ಲಿ ಗುರುತಿಸಲಿಲ್ಲ.

ನೀರಿನಲ್ಲಿ ಮುಳುಗಿ ಸತ್ತ ವಿಶ್ವಾಸಿಯನ್ನು ಪ್ರವಾದಿ(ಸ) ಶಹೀದರ ಸಾಲಿನಲ್ಲಿ ಎಣಿಸಿದ್ದಾರೆ. ರಣರಂಗದ ಶಹೀದನಿಗೂ ಇವನಿಗೂ ವ್ಯತ್ಯಾಸವಿದೆ. ಇವನದು ಪರಲೋಕದ ಪ್ರತಿಫಲದಲ್ಲಿ ಶಹೀದನ ಪದವಿ. ಇಹಲೋಕದ ವಿಧಿಗಳಲ್ಲಿ ಇವನು ಇತರ ಮಯ್ಯಿತ್‌ಗಳಂತೆಯೇ. ಅಂದರೆ ಸ್ನಾನವಿದೆ, ಕಫನ್ ಇದೆ, ನಮಾಝ್ ಇದೆ. ಆದರೆ ಮಯ್ಯಿತ್ ಎಲ್ಲಿದೆ? ಹಡಗಿನ ಮೇಲೆ ಒಬ್ಬನು ಸತ್ತು, ದಡ ದೂರವಿದ್ದರೆ ಏನು ಮಾಡಬೇಕೆಂದು ಫುಕಹಾಗಳು ಚರ್ಚಿಸಿದ್ದಾರೆ. ಸ್ನಾನ ಮಾಡಿಸಿ, ಕಫನ್ ತೊಡಿಸಿ, ನಮಾಝ್ ಮಾಡಿ, ಭಾರ ಕಟ್ಟಿ ನೀರಿಗಿಳಿಸಬೇಕೆಂದು ಹಲವರ ಅಭಿಪ್ರಾಯ. ಶಾಫಿಈ ಗ್ರಂಥಗಳಲ್ಲಿ ಇನ್ನೊಂದು ಮಾತಿದೆ: ಎರಡು ಹಲಗೆಗಳ ನಡುವೆ ದೇಹವನ್ನು ಕಟ್ಟಿ ತೇಲಿಬಿಡುವುದು, ಎಲ್ಲಿಯಾದರೂ ಮುಸ್ಲಿಮರಿರುವ ದಡವನ್ನು ತಲುಪಿ ಯಾರಾದರೂ ದಫನ ಮಾಡಲಿ ಎಂದು. ವಿದ್ಯಾರ್ಥಿಗಳಾಗಿದ್ದಾಗ ಈ ಮಸ್‌ಅಲಾವನ್ನು ಓದಿ ನಾವು ನಕ್ಕದ್ದುಂಟು. ಇಷ್ಟು ಕೂಲಂಕಷವಾಗಿ ಯೋಚಿಸುವ ಅಗತ್ಯವಿತ್ತೇ ಎಂದು. ಬಳಿಕ, ಮುಳುಗಿದ ಹಡಗುಗಳ ವೃತ್ತಾಂತಗಳನ್ನು ಓದಿದ ಮೇಲೆ, ಆ ಎರಡು ಹಲಗೆಗಳು ನಮ್ಮ ನೆನಪಿನಿಂದ ಸರಿಯಲಿಲ್ಲ. ಅಪರಿಚಿತ ದಡದ ಅಪರಿಚಿತ ಸಹೋದರನ ಮೇಲೆ ಅಷ್ಟೊಂದು ಭರವಸೆ ಇಟ್ಟಿತ್ತು ನಮ್ಮ ವಿದ್ಯೆ.

ದೇಹವೇ ಸಿಗದಿದ್ದರೆ? ಅಬಿಸೀನಿಯದ ದೊರೆ ನಜಾಶಿ ತೀರಿಕೊಂಡಾಗ ಪ್ರವಾದಿ(ಸ) ಮದೀನದಲ್ಲಿಯೇ ಜನಾಝ ನಮಾಝ್ ನಿರ್ವಹಿಸಿದ್ದರು. ಇದನ್ನು ಆಧರಿಸಿ ಶಾಫಿಈಗಳು ದೂರದಲ್ಲಿ ಸತ್ತವನಿಗಾಗಿ ಗಾಇಬ್ ನಮಾಝನ್ನು ಅನುಮತಿಸುತ್ತಾರೆ. ಅದು ಆ ಸಂದರ್ಭಕ್ಕೆ ಮಾತ್ರ ಸೀಮಿತವೆಂದು ಹನಫಿಗಳು ಹೇಳುತ್ತಾರೆ. ನಮ್ಮ ರಾಜ್ಯದಲ್ಲಿ ಭಟ್ಕಳ, ಮಂಗಳೂರುಗಳ ಕರಾವಳಿಯವರು ಹೆಚ್ಚಾಗಿ ಶಾಫಿಈಗಳು, ಘಟ್ಟದ ಮೇಲಿನವರು ಹನಫಿಗಳು. ಆದುದರಿಂದ ಈ ವ್ಯತ್ಯಾಸ ನಮಗೆಲ್ಲ ತಿಳಿದದ್ದೇ. ಒಂದೇ ದೋಣಿಯಲ್ಲಿ ಅಕ್ಕಪಕ್ಕ ಕುಳಿತು ಸತ್ತ ಇಬ್ಬರು ಖಲಾಸಿಗಳನ್ನು ಊಹಿಸಿಕೊಳ್ಳಿ. ರತ್ನಾಗಿರಿಯವನ ಊರಿನಲ್ಲಿ ಸುದ್ದಿ ತಲುಪಿದ ಶುಕ್ರವಾರ ಸಾಲು ಕಟ್ಟಿ ನಿಂತು ನಾಲ್ಕು ತಕ್ಬೀರ್ ಹೇಳಬಹುದಿತ್ತು. ಸಿಲ್ಹೆಟಿನವನ ಊರಿನಲ್ಲಿ ದುಆಕ್ಕಾಗಿ ಕೈಯೆತ್ತಬಹುದಿತ್ತು, ಕುರ್‌ಆನ್ ಓದಬಹುದಿತ್ತು, ಸಾಲು ಕಟ್ಟುವಂತಿರಲಿಲ್ಲ. ಎರಡೂ ಊರುಗಳಿಗೆ ಬೇಕಾಗಿದ್ದುದು ಒಂದೇ: ಖಚಿತವಾದ ಸುದ್ದಿ.

ಸುದ್ದಿ ಬಾರದಿದ್ದರೆ ಆರಂಭವಾಗುವುದು 'ಮಫ್‌ಕೂದ್' ಎಂಬ ಅಧ್ಯಾಯ. ಕಾಣೆಯಾದವನು. ಬದುಕಿದ್ದಾನೋ ಸತ್ತಿದ್ದಾನೋ ತಿಳಿಯದವನು. ಮದ್ರಸಾದ ಪಾಠಗಳಲ್ಲಿ ಇದು ಎರಡು ದಿನಗಳಲ್ಲಿ ಮುಗಿದುಹೋಗುವ ಅಧ್ಯಾಯ. ಆದರೆ ಒಂದು ಮನೆಯೊಳಗೆ ಇದು ಮುಗಿಯುವುದೇ ಇಲ್ಲ. ಹನಫಿ ನಿಯಮದಂತೆ ಇಂತಹವನು ತನ್ನ ಸೊತ್ತಿನ ಮಟ್ಟಿಗೆ ಬದುಕಿರುವವನು: ಅದನ್ನು ವಾರಸುದಾರರು ಹಂಚಿಕೊಳ್ಳುವಂತಿಲ್ಲ. ಅವನ ತಂದೆ ತೀರಿಕೊಂಡರೆ ತಂದೆಯ ಸೊತ್ತಿನಲ್ಲಿ ಅವನ ಪಾಲನ್ನು ಎತ್ತಿಡಬೇಕು. ಅವನ ಓರಗೆಯವರೆಲ್ಲರೂ ಸಾಯುವವರೆಗೆ ಅವನನ್ನು ಸತ್ತವನೆಂದು ತೀರ್ಮಾನಿಸುವಂತಿಲ್ಲ. ಕೆಲವರು ಇದಕ್ಕೆ ತೊಂಬತ್ತು ವರ್ಷ ವಯಸ್ಸಿನ ಮಿತಿಯನ್ನು ಹೇಳಿದರು. ಇಪ್ಪತ್ತರ ಹುಡುಗ ಕಾಣೆಯಾದರೆ ಅವನ ಹದಿನೆಂಟರ ಹೆಂಡತಿ ಎಪ್ಪತ್ತು ವರ್ಷ ಕಾಯಬೇಕು!

ಕಾಣೆಯಾದವನ ಹಕ್ಕನ್ನು ಯಾರೂ ಕಬಳಿಸಬಾರದೆಂಬ ಕಾಳಜಿ ಈ ನಿಯಮದ ಹಿಂದೆ ಇತ್ತು. ಅದನ್ನು ಲಘುವಾಗಿ ಕಾಣಬಾರದು. ಆದರೆ ಬದುಕಿರುವವಳ ಹಕ್ಕು? ಖಲೀಫಾ ಉಮರ್(ರ) ಇಂತಹ ಪತ್ನಿಗೆ ನಾಲ್ಕು ವರ್ಷಗಳ ಗಡುವನ್ನು ವಿಧಿಸಿ, ಆ ಬಳಿಕ ವಿಧವೆಯ ಇದ್ದತ್ ಆದ ನಾಲ್ಕು ತಿಂಗಳು ಹತ್ತು ದಿನ ಕಳೆದು ಮರುವಿವಾಹಕ್ಕೆ ಅವಕಾಶ ನೀಡಿದ್ದರು. ಇಮಾಮ್ ಮಾಲಿಕ್(ರ) ಅದನ್ನೇ ಸ್ವೀಕರಿಸಿದರು. ಹಂಬಲಿ ಫುಕಹಾಗಳು ಸಾವಿನ ಸಂಭವವೇ ಹೆಚ್ಚಾಗಿರುವ ಕಣ್ಮರೆಗೆ ಈ ನಾಲ್ಕು ವರ್ಷದ ನಿಯಮವನ್ನು ಅನ್ವಯಿಸುವಾಗ ಕೊಟ್ಟ ಉದಾಹರಣೆಗಳಲ್ಲಿ ಒಂದು ಯಾವುದು ಗೊತ್ತೇ? ಹಡಗು ಒಡೆದು, ಕೆಲವರು ಮುಳುಗಿ, ಕೆಲವರು ಪಾರಾದಾಗ ಸುದ್ದಿಯಿಲ್ಲದೆ ಹೋದವನು. ಎಂಟು ಶತಮಾನಗಳ ಹಿಂದಿನ ಇಬ್ನು ಕುದಾಮರ ಗ್ರಂಥದಲ್ಲಿ ನಮ್ಮ ಖಲಾಸಿ ಕುಳಿತಿದ್ದಾನೆ.

ಭಾರತದ ಹನಫಿ ಮುಸ್ಲಿಮ್ ಮಹಿಳೆಯರಿಗೆ ಈ ದಾರಿ ಬಹುಕಾಲ ಮುಚ್ಚಿಯೇ ಇತ್ತು. ಕೆಲವರು ಬಿಡುಗಡೆಗಾಗಿ ಧರ್ಮವನ್ನೇ ತ್ಯಜಿಸುವ ಸ್ಥಿತಿ ಬಂದಾಗ ವಿದ್ವಾಂಸರು ಎಚ್ಚೆತ್ತರು. ಮೌಲಾನಾ ಅಶ್ರಫ್ ಅಲಿ ಥಾನವಿಯವರು 1930ರ ದಶಕದ ಆರಂಭದಲ್ಲಿ 'ಅಲ್-ಹೀಲತುನ್ನಾಜಿಝಾ' ಎಂಬ ಗ್ರಂಥದ ಮೂಲಕ ಈ ವಿಷಯದಲ್ಲಿ ಮಾಲಿಕೀ ಮದ್ಹಬ್‌ನ ತೀರ್ಪನ್ನು ಅನುಸರಿಸಬಹುದೆಂದು ಫತ್ವಾ ನೀಡಿದರು. ತಮ್ಮ ಮದ್ಹಬನ್ನು ಬಿಟ್ಟುಕೊಡದ ವಿದ್ವಾಂಸರು, ನೊಂದವರ ಸಲುವಾಗಿ ನೆರೆಯ ಮದ್ಹಬ್‌ನ ಬಾಗಿಲು ತಟ್ಟಿದರು. ಆ ಚಿಂತನೆಯ ಫಲವಾಗಿ ಕೇಂದ್ರ ಶಾಸನಸಭೆಯಲ್ಲಿ ಖಾಝಿ ಮುಹಮ್ಮದ್ ಅಹ್ಮದ್ ಕಾಝ್ಮಿಯವರು ಮಂಡಿಸಿದ ಮಸೂದೆಯು 1939ರ ಮಾರ್ಚ್ 17ರಂದು ಮುಸ್ಲಿಮ್ ವಿವಾಹ ವಿಸರ್ಜನಾ ಕಾಯಿದೆಯಾಯಿತು. ಅದರಲ್ಲಿ ಹೇಳಿರುವ ಮೊದಲ ಕಾರಣವೇ ಇದು: ನಾಲ್ಕು ವರ್ಷಗಳಿಂದ ಪತಿ ಎಲ್ಲಿದ್ದಾನೆಂದು ತಿಳಿಯದಿದ್ದರೆ ಪತ್ನಿ ವಿಸರ್ಜನೆಯನ್ನು ಕೋರಬಹುದು. ತೀರ್ಪಾದ ಬಳಿಕವೂ ಆರು ತಿಂಗಳ ಕಾಲಾವಕಾಶವಿದೆ, ಅವನು ಮರಳಿ ಬಂದರೆಂದು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯುದ್ಧ ಆರಂಭವಾಯಿತು. ಖಲಾಸಿಗಳ ಹಡಗುಗಳು ಮುಳುಗತೊಡಗುವ ಕೆಲವೇ ತಿಂಗಳುಗಳ ಮುನ್ನ ಅವರ ಪತ್ನಿಯರಿಗಾಗಿ ಆ ಬಾಗಿಲು ತೆರೆದಿಟ್ಟಿದ್ದನ್ನು ನಾವು ಅಲ್ಲಾಹನ ಕಾರುಣ್ಯವೆಂದೇ ಭಾವಿಸುತ್ತೇವೆ.

ಈ ಎಲ್ಲ ವಿವರಗಳಿಗೆ ಹೋಗಲು ಕಾರಣವಿದೆ. ಸ್ಮರಣೆ ಎಂದರೆ ಹೂಗುಚ್ಛ, ಮೌನಾಚರಣೆ, ಭಾಷಣ ಎಂದು ಇಂದು ಅರ್ಥವಾಗುತ್ತಿದೆ. ಉಹುದ್ ಯುದ್ಧ ಮುಗಿದಾಗ ಪ್ರವಾದಿ(ಸ) ಸಅದ್ ಬಿನ್ ರಬೀಅ್(ರ) ಏನಾದರೆಂದು ಹೆಸರು ಹಿಡಿದು ಕೇಳಿದರು. ಬಿದ್ದವರ ನಡುವೆ ಹುಡುಕಲು ಒಬ್ಬರನ್ನು ಕಳುಹಿಸಿದರು. ಕೊನೆಯುಸಿರಿನಲ್ಲಿದ್ದ ಸಅದ್(ರ) ಸಿಕ್ಕಿದರು. ಕತೆ ಅಲ್ಲಿಗೆ ಮುಗಿಯಲಿಲ್ಲ. ಕೆಲ ಕಾಲದ ಬಳಿಕ ಅವರ ವಿಧವೆ ಇಬ್ಬರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬಂದರು. ಮಕ್ಕಳ ಚಿಕ್ಕಪ್ಪ ಸೊತ್ತನ್ನೆಲ್ಲ ತೆಗೆದುಕೊಂಡಿದ್ದರು; ಹಣವಿಲ್ಲದೆ ಈ ಮಕ್ಕಳ ಮದುವೆ ಹೇಗೆಂದು ಅವರು ಕೇಳಿದರು. ಆಗ ಅವತೀರ್ಣವಾದುದು ವಾರೀಸು ಹಕ್ಕಿನ ಸೂಕ್ತ. ಹೆಣ್ಣುಮಕ್ಕಳಿಬ್ಬರಿಗೆ ಮೂರನೇ ಎರಡು, ತಾಯಿಗೆ ಎಂಟನೇ ಒಂದು, ಉಳಿದದ್ದು ಚಿಕ್ಕಪ್ಪನಿಗೆ. ಸತ್ತವನನ್ನು ನೆನೆಯುವುದೆಂದರೆ ಅವನನ್ನು ಹುಡುಕುವುದು, ಅವನ ಹೆಸರನ್ನು ಖಚಿತಪಡಿಸುವುದು, ಅವನ ಸಾಲ ತೀರಿಸುವುದು, ಅವನ ಮಕ್ಕಳ ಪಾಲನ್ನು ಕೈಗೆ ಕೊಡಿಸುವುದು. ನಮ್ಮ ಧರ್ಮದಲ್ಲಿ ಶೋಕಕ್ಕೂ ಲೆಕ್ಕಕ್ಕೂ ಜಗಳವಿಲ್ಲ.

ಇಲ್ಲಿ ಒಂದು ಆಕ್ಷೇಪ ಏಳುತ್ತದೆ, ಅದನ್ನು ನಾವು ಕೇಳಿಯೂ ಇದ್ದೇವೆ. ಇವರು ಬ್ರಿಟಿಷರ ಚಾಕರಿ ಮಾಡಿದವರಲ್ಲವೇ? ಮೊದಲನೇ ಯುದ್ಧದಲ್ಲಂತೂ ಎದುರಿಗಿದ್ದುದು ಉಸ್ಮಾನೀ ಖಿಲಾಫತ್. ಖಿಲಾಫತ್ ಚಳವಳಿಯಲ್ಲಿ ಜೈಲಿಗೆ ಹೋದವರ ಪರಂಪರೆ ನಮ್ಮದಾಗಿರುವಾಗ ಇವರನ್ನು ನೆನೆಯುವುದು ಸರಿಯೇ? ಪ್ರಶ್ನೆ ಗಂಭೀರವಾದುದೇ. ಆದರೆ ಬಾಯ್ಲರಿನ ಮುಂದೆ ನಿಂತು ಕಲ್ಲಿದ್ದಲು ಸುರಿದ ಸಿಲ್ಹೆಟಿನ ಹುಡುಗ ಯಾವ ರಾಜ್ಯವನ್ನು ಗೆಲ್ಲಲು ಹೊರಟಿದ್ದನು? ಹೊಲ ಸಾಲಕ್ಕೆ ಹೋಗಿತ್ತು, ಮನೆಯಲ್ಲಿ ತಂಗಿಯರಿದ್ದರು, ಊರಿನ ಸರಂಗ ಬಂದು ಕರೆದನು. ಹಲಾಲ್ ಸಂಪಾದನೆಗಾಗಿ ಮನೆ ಬಿಟ್ಟವನ ನಿಯ್ಯತ್ತನ್ನು ಅಳೆಯುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಸಿಟಿ ಆಫ್ ಬನಾರಸ್ ಹಡಗಿನಲ್ಲಿ ಅವನು ಮಾಡುತ್ತಿದ್ದುದು ಯುದ್ಧದಿಂದ ತಪ್ಪಿಸಿಕೊಂಡು ಹೋಗುತ್ತಿದ್ದ ಮಕ್ಕಳ ಸೇವೆ.

ಇದಕ್ಕೆ ವಿರುದ್ಧವಾದ ಇನ್ನೊಂದು ಪ್ರಲೋಭನೆಯೂ ಇದೆ. ನೋಡಿ, ನಮ್ಮವರೂ ಪ್ರಾಣ ಕೊಟ್ಟಿದ್ದಾರೆ ಎಂದು ಈ ಹುಡುಗರ ಪಟ್ಟಿಯನ್ನು ಯಾರದೋ ಮುಂದೆ ಹಿಡಿದು ತೋರಿಸುವುದು. ನಮ್ಮ ಸಭೆಗಳಲ್ಲಿ ಈ ಧ್ವನಿ ಹೆಚ್ಚುತ್ತಿದೆ. ನಮಗೆ ಇದು ಹಿತವೆನಿಸುವುದಿಲ್ಲ. ಸತ್ತವರನ್ನು ನಮ್ಮ ಪ್ರಮಾಣಪತ್ರಕ್ಕೆ ಮುದ್ರೆಯಾಗಿ ಬಳಸುವುದೂ ಅವರನ್ನು ಮರೆಯುವ ಒಂದು ಬಗೆ. ಮೇಲಾಗಿ ಆ ದೋಣಿಗಳಲ್ಲಿ ಗೋವಾದ ಕ್ರೈಸ್ತರಿದ್ದರು, ಹಿಂದೂಗಳಿದ್ದರು, ಇಂಗ್ಲಿಷ್ ಮಕ್ಕಳಿದ್ದರು. ನೀರು ಯಾರನ್ನೂ ವಿಚಾರಿಸಲಿಲ್ಲ. ನಾವು ನಮ್ಮವರ ಹೆಸರು ಕೇಳುವುದು, ನಮ್ಮವರ ಹಕ್ಕು ನಮ್ಮ ಮೇಲಿರುವ ಕಾರಣದಿಂದ. ಇತರರಿಗಿಂತ ಹೆಚ್ಚೆಂದು ತೋರಿಸಲಿಕ್ಕಲ್ಲ.

ಕಡಲಿನ ಯುದ್ಧ ಹಳೆಯ ಮಾತಾಗಿಯೂ ಉಳಿದಿಲ್ಲ. 2024ರ ಮಾರ್ಚ್ 6ರಂದು ಏಡನ್ ಕೊಲ್ಲಿಯಲ್ಲಿ 'ಟ್ರೂ ಕಾನ್ಫಿಡೆನ್ಸ್' ಎಂಬ ಸರಕು ಹಡಗಿಗೆ ಕ್ಷಿಪಣಿ ಬಡಿದು ಮೂವರು ನಾವಿಕರು ಸತ್ತರು. ಇಬ್ಬರು ಫಿಲಿಪ್ಪೀನ್ಸಿನವರು, ಒಬ್ಬ ವಿಯೆಟ್ನಾಮಿನವನು. ಉಳಿದ 21 ಮಂದಿಯನ್ನು ಭಾರತೀಯ ನೌಕಾಪಡೆಯ 'ಕೋಲ್ಕತಾ' ಹಡಗು ರಕ್ಷಿಸಿತು. ಅವರಲ್ಲಿ ಒಬ್ಬ ಭಾರತೀಯನಿದ್ದನು. ಯಾರದೋ ಯುದ್ಧ, ಯಾರದೋ ಸರಕು, ಯಾರದೋ ಧ್ವಜ. ಇಂಜಿನ್ ಕೋಣೆಯಲ್ಲಿ ಮಾತ್ರ ಬಡವರ ಮಕ್ಕಳು. ನಮ್ಮ ಕರಾವಳಿಯ ಹುಡುಗರೂ ಇಂದು ಇಂತಹ ಹಡಗುಗಳನ್ನು ಏರುತ್ತಿದ್ದಾರೆ. ಅವರನ್ನು ಕಳುಹಿಸುವ ಮನೆಯವರು ಕರಾರು ಪತ್ರದ ಪ್ರತಿಯನ್ನು, ಹಡಗಿನ ಹೆಸರನ್ನು, ವಾರಸುದಾರರಾಗಿ ಯಾರ ಹೆಸರು ಬರೆಯಲಾಗಿದೆ ಎಂಬುದನ್ನು ತಿಳಿದಿಟ್ಟುಕೊಳ್ಳಲಿ. ವಸಿಯ್ಯತ್ತನ್ನು ಬರೆದಿಟ್ಟು ಮಲಗಬೇಕೆಂದು ಪ್ರವಾದಿ(ಸ) ಕಲಿಸಿದ್ದು ಮುದುಕರಿಗೆ ಮಾತ್ರವಲ್ಲ.

ಕಳೆದುಹೋದವರ ವಿಷಯದಲ್ಲಿ ನಮ್ಮ ಕೋರಿಕೆ ಚಿಕ್ಕದು. ಹಳೆಯ ತಲೆಮಾರಿನಲ್ಲಿ ಮುಂಬೈಗೆ ಹೋಗಿ ಹಡಗು ಹತ್ತಿದವರು, ಯುದ್ಧದ ವರ್ಷಗಳಲ್ಲಿ ಮರಳಿ ಬಾರದವರು ನಿಮ್ಮ ಕುಟುಂಬದಲ್ಲಿ ಯಾರಾದರೂ ಇದ್ದಾರೆಯೇ ಎಂದು ಮನೆಯ ಹಿರಿಯರನ್ನು, ಮುಖ್ಯವಾಗಿ ಅಜ್ಜಿಯಂದಿರನ್ನು, ಕೇಳಿ ನೋಡಿ. ಇಂತಹ ಹೆಸರುಗಳು ಹೆಚ್ಚಾಗಿ ಉಳಿದಿರುವುದು ಹೆಂಗಸರ ನೆನಪಿನಲ್ಲಿ. ಸಿಕ್ಕಿದರೆ ಅವನ ಹೆಸರನ್ನೂ ತಂದೆಯ ಹೆಸರನ್ನೂ ಊರನ್ನೂ ಬರೆದಿಡಿ. ಮನುಷ್ಯರನ್ನು ಅವರ ತಂದೆಯ ಹೆಸರಿನಿಂದ ಕರೆಯಬೇಕೆಂಬುದು ಕುರ್‌ಆನಿನ ಬೋಧನೆ. ಹಡಗಿನ ಹೆಸರು ತಿಳಿದಿದ್ದರೆ ಅದನ್ನೂ ಸೇರಿಸಿ. ಯುದ್ಧಸಮಾಧಿಗಳ ಆಯೋಗದ ಪಟ್ಟಿಯನ್ನು ಯಾರು ಬೇಕಾದರೂ ಹುಡುಕಬಹುದು. ಗುಮಾಸ್ತರು ಕಿವಿಗೆ ಕೇಳಿದಂತೆ ಬರೆದುಕೊಂಡ ಹೆಸರುಗಳವು. ಒಂದೇ ಹೆಸರನ್ನು ನಾಲ್ಕಾರು ಕಾಗುಣಿತಗಳಲ್ಲಿ ಹುಡುಕಬೇಕಾದೀತು. ಮುಂಬೈಗೆ ಹೋಗುವವರಿದ್ದರೆ ಮಸ್ಜಿದ್ ಬಂದರ್ ನಿಲ್ದಾಣದಿಂದ ನಾವಿಕರ ಆ ವಸತಿಗೃಹಕ್ಕೆ ನಡೆದೇ ಹೋಗಬಹುದು.